ಮೊದಲ ಬಸ್ಸಿನ ಟೀಚರಮ್ಮ

ಹಿರಿಯೂರಿನಲ್ಲಿ ಮೊದಲ ಬಸ್ಸು ಹತ್ತುವ ಏಕಾಂತಮ್ಮ ಟೀಚರನ್ನು ನೋಡಿದವರಿಗೆ, ಸರ್ಕಾರ ಆಕೆಗೆ ಸಂಬಳ ಕೊಡುವುದು ಪಾಠಕ್ಕೋ ಪ್ರಯಾಣಕ್ಕೋ ಎಂಬ ಅನುಮಾನ ಬರುತ್ತದೆ. ಜಡೆ ಹೆಣೆಯುವುದು ಬಸ್ಸಿನಲ್ಲೇ, ರಾತ್ರಿಯ ಅಡುಗೆಗೆ ಅವರೆಕಾಯಿ ಸುಲಿಯುವುದು ಬಸ್ಸಿನಲ್ಲೇ, ನಿದ್ದೆಯಂತೂ ಪಕ್ಕದಲ್ಲಿ ಯಾವ ಹೆಂಗಸಿನ ಹೆಗಲು ಸಿಕ್ಕರೆ ಅದರ ಮೇಲೆ. ನಿದ್ದೆಗಣ್ಣಲ್ಲೂ "ಮಗ್ಗಿ ಇನ್ನೊಂದ್ಸಲ ಹೇಳು" ಎಂದು ಗದರುತ್ತಾಳಂತೆ. "ಇಷ್ಟು ಸುಸ್ತಾದ್ರೆ ಕೆಲ್ಸ ಬಿಡ್ರಿ ಟೀಚರಮ್ಮ" ಎಂದು ಕಂಡಕ್ಟರ್ ಕೆಣಕಿದರೆ, "ಬಿಟ್ರೆ ಮಲಗೋದೆಲ್ಲಪ್ಪ? ಮನೇಲಿ ಇಂಥ ಮೆತ್ತನೆ ಸೀಟೈತಾ?" ಎನ್ನುತ್ತಾಳೆ. ಹರಿಯಬ್ಬೆಯಲ್ಲಿ ಮಾತ್ರ ಯಾರೂ ಎಬ್ಬಿಸದೆ ಎಚ್ಚರವಾಗುತ್ತದೆ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ತವರಿನಲ್ಲಿ ಬಿಟ್ಟ ಕೂಸನ್ನು ತಾಯಿ ಬೊಮ್ಮಕ್ಕ ಅಲ್ಲಿ ಬಸ್ಸಿಗೇ ತಂದುಕೊಡುತ್ತಾಳೆ. ಅದು ಹಾಲು ಕುಡಿದು ಮುಗಿಸುವ ತನಕ ಡ್ರೈವರ್ ಈರಬಸಪ್ಪನ ಗಾಡಿಗೆ ಏನಾದರೊಂದು ಕಾಯಿಲೆ, ಇಲ್ಲವೆ ರೇಡಿಯೇಟರಿಗೆ ಬಾಯಾರಿಕೆ. ಚಿತ್ರದುರ್ಗದಲ್ಲಿ ಇಲಾಖೆಯ ತರಬೇತಿ ಮುಗಿಸಿ ಹದಿನೈದು ದಿನದ ಮೇಲೆ ಆಕೆ ಬಂದಾಗಲೂ ಆತ ಬಿಂದಿಗೆ ಹಿಡಿದು ಇಳಿದ. ಆದರೆ ಕೂಸು ಏಕಾಂತಮ್ಮನ ಮುಖ ಕಂಡು ಚೀರಿ, ಅಜ್ಜಿಯ ಕೊರಳಿಗೆ ಜೋತುಬಿತ್ತು. "ನಿಮ್ಮವ್ವ ಕಣೇ ಅದು, ಹೋಗೇ" ಎಂದಳು ಬೊಮ್ಮಕ್ಕ. ಮತ್ತೊಮ್ಮೆ ಕೈ ಚಾಚಿ ನೋಡಿದ ಏಕಾಂತಮ್ಮ, ಸೆರಗು ಸರಿಪಡಿಸಿಕೊಂಡು, "ನೀರು ಸಾಕ್ರಿ ಈರಬಸಪ್ಪ, ಹೋಗಾಣ" ಎಂದಳು.