ಮಡಿಗೆ ಬಂದ ಕಂಡೀಷನರ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಜೋಗುಪಾಳ್ಯದ ಮನೆಯ ಬಚ್ಚಲಲ್ಲಿ ಕಂಡೀಷನರ್ ಬಾಟಲಿಯ ಮೇಲೆ ‘ಹೈಡ್ರೊಲೈಸ್ಡ್ ಕೆರಾಟಿನ್’ ಎಂದು ಓದಿ ಎದೆ ಧಸಕ್ಕೆಂದಿತು. ಹೈಡ್ರೊ ಎಂದರೆ ನೀರು, ಅಲ್ಲಿಗೆ ಸರಿ. ಕೆರಾಟಿನ್? ಕಾಲೇಜಿನ ಜೂವಾಲಜಿಯಲ್ಲಿ ‘ಹಾರ್ನ್, ಹೂಫ್, ಎಟ್ಸೆಟ್ರಾ’ ಎಂದು ಬಾಯಿಪಾಠ ಮಾಡಿದ್ದಷ್ಟೇ ನೆನಪು. ಅಂದರೆ ಕಸಾಯಿಖಾನೆಯ ಮಾಲು! ಧಾರವಾಡದಿಂದ ಬಂದಿರುವ ನಮ್ಮಕ್ಕ ಅದನ್ನೇ ತಲೆಗೆ ಹಚ್ಚಿ, ಮಿಂದು, ಮಡಿಯಲ್ಲಿ ದೇವರ ಮುಂದೆ ಕೂತಿದ್ದಳು. ತಂದುಕೊಟ್ಟವನು ನಾನು. ಹೆಂಡತಿ ಹೋದ ಮೇಲೆ ಈ ಮನೆಗೆ ಮತ್ತೆ ಮಾತು ಬಂದದ್ದೇ ಅಕ್ಕನಿಂದ; ಸಿಟ್ಟಾಗಿ ಊರಿಗೆ ಹೊರಟರೆ ನನ್ನ ಗತಿ?

ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಸಾಗಿಸುವಾಗ, ಪೂಜೆ ಮುಗಿಸಿ ಎದ್ದವಳಿಗೆ ಸಿಕ್ಕಿಬಿದ್ದೆ.

“ಏನದು, ಕಳ್ಳನಂಗ?”

“ಅಕ್ಕಾ, ಇದರಾಗ ಕೊಂಬು, ಗೊರಸು ಇರಬೇಕು…”

“ಇರಬೇಕು ಅಂದ್ರ? ಪೂರ್ತಿ ಓದು!”

ಕನ್ನಡಕ ಹಾಕಿ ಓದಿದೆ. ಕುರಿಯ ಉಣ್ಣೆಯಿಂದ ತೆಗೆದದ್ದು ಎಂದು ಪಕ್ಕದಲ್ಲೇ ಇತ್ತು.

ಅಕ್ಕ ತಾನುಟ್ಟ ಧಾಬಳಿಯ ಸೆರಗನ್ನು ದೂರದಿಂದಲೇ ಝಾಡಿಸಿದಳು. “ಈ ಮಡಿ ಸೀರಿ ಯಾತರದ್ದೋ ಹುಚ್ಚಪ್ಪಾ? ಉಣ್ಣೀದ! ಉಣ್ಣಿಗೆ ಎಲ್ಲೀ ಮೈಲಿಗಿ?”

ಹೋದ ಉಸಿರು ಬಂತು. ಬಾಟಲಿಯೀಗ ದೇವರ ಕೋಣೆಯ ಗೂಡಿನಲ್ಲಿದೆ. ಸ್ನಾನ ಮಾಡದೆ ನಾನದನ್ನು ಮುಟ್ಟಬಾರದಂತೆ. ಸ್ನಾನಕ್ಕೇ ಬೇಕಾದ ಸಾಮಾನದು ಎಂದು ಹೇಳುವ ಧೈರ್ಯ ನನಗಿಲ್ಲ.