ಭಂಗಾರಕ್ಕೆ ಬಂದ ಸೀಸಿಯಂ ಡಬ್ಬಿ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ. ದೀಪಾವಳಿ ರಜೆಗೆ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ, ಅಣ್ಣನ ಮನೆಗೆ ಹೋಗಿದ್ದೆ. ನಾನು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಅಣ್ಣನದು ಭಂಗಾರದ ಅಂಗಡಿ, ಅಂದರೆ ಹಳೆ ಕಬ್ಬಿಣದ ವ್ಯಾಪಾರ. ಅಂಗಡಿಯ ಹಿಂದೆಯೇ ಮನೆ.

ಬೆಳಿಗ್ಗೆ ಅಣ್ಣನಿಗೆ ಚಹಾ ಕೊಡಲು ಹೋದಾಗ, ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಬಂದ ರಾಶಿಯಲ್ಲಿ ಒಂದು ಉಕ್ಕಿನ ಡಬ್ಬಿ ಕಂಡಿತು. ಕೊಡದಷ್ಟೇ ಗಾತ್ರ, ಆದರೆ ಇಬ್ಬರು ಎತ್ತಿದರೂ ಜಗ್ಗದ ಭಾರವಂತೆ. ಮಣ್ಣು ಮೆತ್ತಿದ ಫಲಕದ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು, ಅದರ ಕೆಳಗೆ ‘ಸಿಎಸ್ 137’ ಎಂದಿತ್ತು. ಆ ಗುರುತನ್ನು ಪ್ರತಿ ವರ್ಷ ಮಕ್ಕಳಿಗೆ ಬರೆದು ತೋರಿಸುತ್ತೇನೆ. ವಿಕಿರಣದ ಗುರುತು. ಅಣ್ಣನನ್ನು ಕರೆದು ತೋರಿಸಿದೆ.

ಅಣ್ಣ ನಕ್ಕ. ಒಳಗೆ ಒಳ್ಳೆಯ ಸೀಸವಿದೆ, ಎರಡು ಗಂಟೆಗೆ ಕೆಲಸದ ರಾಜು ಗ್ಯಾಸ್ ಕಟರ್ ತಂದು ಕತ್ತರಿಸುತ್ತಾನೆ ಎಂದ. ಪೊಲೀಸರಿಗೆ ಹೇಳೋಣ ಎಂದರೆ, ಅಂಗಡಿಗೆ ಬೀಗ ಹಾಕಿಸುತ್ತೀಯಾ ಎಂದು ಸಿಟ್ಟಾದ. ಮೊಬೈಲ್‌ನಲ್ಲಿ ಹುಡುಕಿದೆ. ಒಂದು ವಿಡಿಯೊ ಮುಟ್ಟಿದರೆ ಸಾವು ಎಂದಿತು. ಇನ್ನೊಂದು, ಹಳೆಯದಾದರೆ ಶಕ್ತಿಯೇ ಇರುವುದಿಲ್ಲ ಎಂದಿತು.

“ಮೊಬೈಲ್‌ನ್ಯಾಗ ಏನರ ಹೇಳ್ತಾರ. ಈ ಡಬ್ಬಿ ಮೂವತ್ತು ವರ್ಷದ್ದು ಐತಿ. ಛಾಪಿಸಿದ ಪುಸ್ತಕದಾಗ ಇದ್ರ ತಂದು ತೋರಸು, ಬಿಡ್ತೀನಿ,” ಅಂದ. ಅಲ್ಲಿಯತನಕ ಯಾರನ್ನೂ ಅದರ ಹತ್ತಿರ ಬಿಡಬೇಡ ಎಂದೆ. ಎರಡು ಗಂಟೆಯವರೆಗೆ ಮಾತ್ರ ಎಂದು ಒಪ್ಪಿದ.

ರಿಕ್ಷಾ ಹಿಡಿದು ನಾನು ಓದಿದ ಕಾಲೇಜಿಗೆ ಹೋದೆ. ರಜೆಯಾದರೂ ಪುಣ್ಯಕ್ಕೆ ಗ್ರಂಥಾಲಯ ತೆರೆದಿತ್ತು. ಗ್ರಂಥಪಾಲಕಿ ಕುಲಕರ್ಣಿ ಬಾಯಿ ನನ್ನ ಮಾತು ಕೇಳಿ ಭೌತಶಾಸ್ತ್ರದ ಕಪಾಟು ತೆರೆದರು. ಮೊದಲ ಪುಸ್ತಕದಲ್ಲಿ ಬೇಕಾದ ಹಾಳೆಯೇ ಹರಿದುಹೋಗಿತ್ತು. ಎರಡನೆಯದರಲ್ಲಿ ಬೇಕಾದದ್ದೊಂದು ಬಿಟ್ಟು ಎಲ್ಲ ಇತ್ತು. ಮೂರನೆಯದು ದಪ್ಪ ಕೋಷ್ಟಕಗಳ ಪುಸ್ತಕ; ಅದನ್ನು ತೆರೆಯುವಾಗ ಮಧ್ಯಾಹ್ನ ಒಂದು ದಾಟಿತ್ತು. ಸಿಕ್ಕಿತು. ಸೀಸಿಯಂ 137, ಅರ್ಧಾಯುಷ್ಯ ಸುಮಾರು ಮೂವತ್ತು ವರ್ಷ. ಅಂದರೆ ಅಣ್ಣನ ಮಾತೇ ನಿಜವಾದರೂ ಅರ್ಧ ಶಕ್ತಿ ಇನ್ನೂ ಉಳಿದಿದೆ. ಮುಂದಿನ ಅಂಕಣದಲ್ಲಿ ‘ಬೀಟಾ’ ಎಂದಿತ್ತು.

ಬೀಟಾ ಕಿರಣ ತಗಡಿಗೂ ನಿಲ್ಲುತ್ತದೆ ಎಂದು ನಾನೇ ಪಾಠ ಮಾಡುತ್ತೇನೆ. ಇಂಥ ಡಬ್ಬಿಯೊಳಗೆ ಆ ವಸ್ತು ಸಣ್ಣ ಉಕ್ಕಿನ ಕೊಳವೆಯಲ್ಲಿರುತ್ತದೆ ಎಂದೂ ಓದಿದ್ದೆ. ಸೀಸ ತೆಗೆದರೂ ಆ ಕೊಳವೆಯೇ ತಡೆಯುತ್ತದಲ್ಲ ಎಂದು ಜೀವ ಹಗುರಾಯಿತು. ಕುಳಿತು ನೀರು ಕುಡಿದೆ. ಅಣ್ಣನಿಗೆ ಹೇಳಿಬಿಡೋಣವೆಂದು ಫೋನ್ ತೆಗೆದೆ.

ಪುಸ್ತಕ ಎತ್ತಿಡಲು ಬಂದ ಕುಲಕರ್ಣಿ ಬಾಯಿ ಆ ಸಾಲಿನ ಮೇಲೆ ಬೆರಳಿಟ್ಟರು. “ತಾರಾ ಆಹೆ. ಖಾಲಿ ಟೀಪ್ ಬಘಾ,” ಅಂದರು. ನಕ್ಷತ್ರ ಚಿಹ್ನೆ ಇದೆ, ಕೆಳಗಿನ ಟಿಪ್ಪಣಿ ನೋಡಿ ಎಂದು.

ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರ. ಸೀಸಿಯಂ ಒಡೆದು ಬೇರಿಯಂ ಆಗುತ್ತದೆ. ಆ ಬೇರಿಯಂನಿಂದ ಗಾಮಾ ಕಿರಣ ಬರುತ್ತದೆ. ಗಾಮಾ ತಗಡಿಗೆ ನಿಲ್ಲುವುದಿಲ್ಲ, ಗೋಡೆಯನ್ನೂ ದಾಟುತ್ತದೆ. ಅದನ್ನು ತಡೆದಿದ್ದದ್ದು ಅಣ್ಣ ಬಿಚ್ಚಲು ಹೊರಟಿದ್ದ ಅದೇ ದಪ್ಪ ಸೀಸ.

ಗಂಟೆ ಒಂದೂ ಮುಕ್ಕಾಲು. ಅಣ್ಣ ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿ, ಅತ್ತಿಗೆಗೆ ಹಚ್ಚಿದೆ.

“ವೈನಿ, ಏನೂ ಕೇಳಬ್ಯಾಡ್ರಿ. ಅಂಗಡಿಗೆ ಓಡಿ ಹೋಗಿ ಕಟರಿನ ಗ್ಯಾಸ್ ಬಂದ್ ಮಾಡ್ರಿ. ಎಲ್ಲಾರನ್ನೂ ರಸ್ತೆಗೆ ಕರಕೊಂಡು ಹೋಗ್ರಿ.”

“ಹೂಂ,” ಅಂದರು ಅಷ್ಟೆ. ಫೋನ್ ಇಡಲಿಲ್ಲ. ಅವರ ಚಪ್ಪಲಿಯ ಸದ್ದು, ಆಮೇಲೆ ಕಟರಿನ ಭುಸುಗುಟ್ಟುವ ಸದ್ದು ಕೇಳಿಸಿತು. ರಾಜು ಬೇಗ ಬಂದುಬಿಟ್ಟಿದ್ದ. ಯಾರೋ ಗೊಣಗಿದರು. ಆಮೇಲೆ ಆ ಭುಸುಗುಡುವಿಕೆ ನಿಂತಿತು.

ಕುಲಕರ್ಣಿ ಬಾಯಿ ಭೌತಶಾಸ್ತ್ರದ ಪ್ರಾಧ್ಯಾಪಕರನ್ನು ಕರೆಸಿ, ಅವರಿಂದಲೇ ಪೊಲೀಸರಿಗೆ ಹೇಳಿಸಿದರು. ನಾನು ತಲುಪಿದಾಗ ಎಲ್ಲರೂ ರಸ್ತೆಯ ಆಚೆ ಬದಿಗೆ ನಿಂತಿದ್ದರು. ಹೊರಗಿನ ಉಕ್ಕನ್ನು ಗೇಣುದ್ದ ಕತ್ತರಿಸಿಯಾಗಿತ್ತು, ಸೀಸಕ್ಕೆ ಬೆಂಕಿ ತಾಗಿರಲಿಲ್ಲ. ಆ ಪುಟದ ಝೆರಾಕ್ಸ್ ಪ್ರತಿ ತಂದಿದ್ದೆ, ಅಣ್ಣನ ಮುಂದೆ ಹಿಡಿದೆ. ಅವನು ಕಾಗದ ನೋಡದೆ, ಪಕ್ಕದ ಕಟ್ಟೆಯ ಮೇಲೆ ಜಾಗ ಮಾಡಿದ. “ಕೂಡು ಮೊದಲ,” ಅಂದ.

ಮರುದಿನ ಮೀಟರ್ ಹಿಡಿದು ಬಂದ ತಜ್ಞರು ಡಬ್ಬಿಯನ್ನು ಭದ್ರ ಮಾಡಿ ಒಯ್ದರು. ಎಲ್ಲರ ರಕ್ತ ಪರೀಕ್ಷೆಯಾಯಿತು, ಯಾರಿಗೂ ಏನೂ ಆಗಿರಲಿಲ್ಲ. ಅಂಗಡಿ ಕೆಲವು ವಾರ ಮುಚ್ಚಿತ್ತು. ಅಣ್ಣ ಅದಕ್ಕೆ ನನ್ನನ್ನು ದೂರಲಿಲ್ಲ.

ಎಲ್ಲರೂ ನನ್ನನ್ನು ಹೊಗಳುತ್ತಾರೆ. ಆ ಡಬ್ಬಿಯ ನೆನಪಿಗೆ ನನಗೆ ಈಗ ಅಷ್ಟು ಭಯವಾಗುವುದಿಲ್ಲ. ಆದರೆ ಅರ್ಧ ಸಾಲು ಓದಿ, ನಿಶ್ಚಿಂತೆಯಿಂದ ನೀರು ಕುಡಿಯುತ್ತ ಕುಳಿತಿದ್ದೆನಲ್ಲ, ಆ ಐದು ನಿಮಿಷ ನೆನಪಾದರೆ ಇಂದಿಗೂ ಮೈ ಬೆವರುತ್ತದೆ.