ಹನೂರಿನಲ್ಲಿ ಗಾಡಿ ಆರಿಸಿದ್ದು

ಹಳೆಯ ಗಾಡಿಗಳನ್ನು ಮಾರುವ ಹನೂರಿನ ಗ್ಯಾರೇಜಿನಲ್ಲಿ ಬೆಳಗಿನಿಂದ ಕೂತಿದ್ದೆವು. ಕರೆಂಟು, ನಲ್ಲಿ ಯಾವುದೂ ಇಲ್ಲದ ಗೆಳೆಯರ ಹೊಲಗಳಲ್ಲಿ ನಾಲ್ಕಾರು ದಿನ ತಂಗಲು ನನಗೂ ಹೆಂಡತಿ ಶಾರದೆಗೂ ಒಳಗೇ ಮಲಗಬಹುದಾದ ಒಂದು ಗಾಡಿ ಬೇಕಿತ್ತು. ನನ್ನ ಕಣ್ಣು ಏಸಿ, ಫ್ರಿಜ್ ಇರುವ ಮಿನಿಬಸ್ಸಿನ ಮೇಲಿತ್ತು.

“ಕರೆಂಟಿಲ್ದಿದ್ ಕಡೆ ಅವೆಲ್ಲ ಸುಮ್ನೆ ಭಾರ ಕಣ್ ಸಾ. ಮಾರ್ಟಳ್ಳಿ ಕಡೆ ಹೊಲದ್ ದಾರೀಲಿ ಇದು ತಿರ್ಗದೂ ಇಲ್ಲ,” ಎಂದ ಮೆಕ್ಯಾನಿಕ್ ಮಾದೇಶ.

ಚಿಕ್ಕ ವ್ಯಾನಿನಲ್ಲಿ ಶಾರದೆಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಉಳಿದದ್ದು ಮೂಲೆಯ ಹಳೆಯ ಆಂಬುಲೆನ್ಸ್. ಆಶ್ಚರ್ಯವೆಂದರೆ ಎತ್ತರದ ಚಾವಣಿ, ಹೆಚ್ಚುವರಿ ಬ್ಯಾಟರಿ, ಫ್ಯಾನು, ಪುಟ್ಟ ನೀರಿನ ತೊಟ್ಟಿ, ನಮಗೆ ಬೇಕಾದ್ದೆಲ್ಲ ಅದರಲ್ಲಿತ್ತು.

“ಇದು ಬೇಡ,” ಎಂದೆ. ಹೋದ ವರ್ಷ ಎದೆನೋವು ಬಂದಾಗ ಶಾರದೆಯನ್ನು ಕೊಳ್ಳೇಗಾಲದಿಂದ ಮೈಸೂರಿಗೆ ಕರೆದೊಯ್ದದ್ದು ಇಂಥದರಲ್ಲೇ.

ಅವಳು ಆಗಲೇ ಒಳಗೆ ಹತ್ತಿ, ಬೆಂಚಿನ ಮೇಲೆ ಮಲಗಿ, ಕಿಟಕಿಯ ಮಬ್ಬು ಗಾಜನ್ನು ಬೆರಳಿನಿಂದ ತಟ್ಟುತ್ತಿದ್ದಳು.

“ಅವತ್ತು ದಾರೀಲಿ ಒಂದು ಮರವೂ ಕಾಣ್ಲಿಲ್ಲ ನಂಗೆ. ಇದನ್ನೇ ತಗೊಳ್ಳೋಣ. ಮಾದೇಶಪ್ಪಾ, ಈ ಗಾಜು ತೆಗೆದು ಹೊರಗಡೆ ಕಾಣೋ ಗಾಜು ಹಾಕ್ಕೊಡು.”

“ಒಂದ್ ಕಡೆನಾ, ಎಲ್ಡೂ ಕಡೆನಾ ಅಮ್ಮಾ?”

“ಎರಡೂ ಕಡೆ.”

ಮಾದೇಶ ಕಿಟಕಿಯ ಸುತ್ತಲಿನ ರಬ್ಬರು ಕೀಳತೊಡಗಿದ. ಗಾಜು ಅವಳ ಮೇಲೆ ಬೀಳದಂತೆ ನಾನು ಎರಡೂ ಕೈಯಲ್ಲಿ ಹಿಡಿದು ನಿಂತೆ.